ನಾಯಿಗೆ ‘ಕೊಡು’ ಕಲಿಸುವುದು

(ಸುವರ್ಣ ಮಹೋತ್ಸವದ ಎರಡನೇ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಬೆಳಗ್ಗಿನಿಂದ ಶಾಲೆಯ ಇತಿಹಾಸ, ಜಾಗ ಕೊಟ್ಟವರ ನೆನಪು, ಕಟ್ಟಡ ಎದ್ದ ಕಥೆ ಎಲ್ಲಾ ಕೇಳಿದ್ದೀರಿ. ಪಶು ಆಸ್ಪತ್ರೆಯಲ್ಲಿ ನೌಕರಿ ಮಾಡಿ ನಿವೃತ್ತನಾದ ನನಗೆ, ಮಕ್ಕಳಿಗೆ ಉಪಯೋಗ ಆಗುವಂಥದ್ದು ಏನಾದರೂ ಹೇಳಿ ಎಂದು ಸಮಿತಿಯವರು ಅಂದರು. ಎಸೆದ ಚೆಂಡನ್ನು ನಾಯಿ ತಂದುಕೊಡುವ ಆಟದ ಬಗ್ಗೆ ಹೇಳುತ್ತೇನೆ ಎಂದೆ. ಒಬ್ಬರು ನಕ್ಕರು. ನಗಲಿ, ಮಧ್ಯಾಹ್ನದ ಊಟ ಆದ ಮೇಲೆ ಗಂಭೀರ ಭಾಷಣ ಕೇಳುವವರು ಯಾರು?

ನಮ್ಮ ಕಡೆ ನಾಯಿ ಇಲ್ಲದ ಮನೆ ಕಡಿಮೆ. ತೋಟದ ಬಂಗಲೆಯಲ್ಲೂ ಇದೆ, ಲೈನ್‌ಮನೆ ಬಾಗಿಲಲ್ಲೂ ಇದೆ. ಆದರೆ ಅದರ ಜೊತೆ ನಾವು ಆಡುವ ಮಾತು ಎಷ್ಟು ಲೆಕ್ಕ ಹಾಕಿ. ಮಂಗ ಬಂದರೆ ‘ಛೂ’. ಅದೇ ನಾಯಿ ಅಡುಗೆಮನೆಗೆ ಕಾಲಿಟ್ಟರೆ ‘ಹಚಾ’. ಎರಡೇ ಮಾತಿನಲ್ಲಿ ಹತ್ತು ಹನ್ನೆರಡು ವರ್ಷದ ಸಂಸಾರ ಮುಗಿಯುತ್ತದೆ. ‘ಕಲ್ಲು ಕಂಡರೆ ನಾಯಿಲ್ಲ, ನಾಯಿ ಕಂಡರೆ ಕಲ್ಲಿಲ್ಲ’ ಎಂಬ ಗಾದೆಯನ್ನು ದೊಡ್ಡವರು ಬೇರೆ ಅರ್ಥಕ್ಕೆ ಹೇಳುತ್ತಾರೆ. ನಾನು ಅದನ್ನು ನಾಯಿಯ ಕಡೆಯಿಂದ ಕೇಳಿಸಿಕೊಳ್ಳುತ್ತೇನೆ. ರಸ್ತೆಯಲ್ಲಿ ಚಪ್ಪಲಿ ಸರಿ ಮಾಡಿಕೊಳ್ಳಲು ಬಗ್ಗಿ ನೋಡಿ, ಅಲ್ಲಿ ಮಲಗಿದ್ದ ನಾಯಿ ಬಾಲ ಮುದುರಿಕೊಂಡು ಓಡುತ್ತದೆ. ಮನುಷ್ಯ ಬಗ್ಗಿದರೆ ಏನು ಎತ್ತಿಕೊಳ್ಳುತ್ತಾನೆ, ಕೈ ಬೀಸಿದರೆ ಏನು ಬರುತ್ತದೆ ಎಂದು ಅದಕ್ಕೆ ಗೊತ್ತು. ಯಾವ ಶಾಲೆಯೂ ಇಲ್ಲದೆ ಕಲಿತ ಪಾಠ ಅದು. ಅಂಥ ನಾಯಿಗೆ ಚೆಂಡು ಎಸೆದರೆ ಚೆಂಡು ಒಂದು ಕಡೆ, ನಾಯಿ ಇನ್ನೊಂದು ಕಡೆ. ಹಾಗಾಗಿ ಈ ಆಟದಲ್ಲಿ ಚೆಂಡಿನ ಪರಿಚಯಕ್ಕಿಂತ ಮುಂಚೆ ಕೈಯ ಪರಿಚಯ ಆಗಬೇಕು. ಒಂದು ವಾರ ಏನನ್ನೂ ಎಸೆಯಬೇಡಿ. ಕೂತುಕೊಂಡು ಅಂಗೈಯಿಂದ ತಿನ್ನಿಸಿ. ಕೈ ನಿಧಾನ ಎತ್ತಿ, ಇಳಿಸಿ, ತುತ್ತು ಕೊಡಿ. ನೀವು ಬಗ್ಗಿದಾಗ ಅದು ಓಡದೆ ನಿಂತರೆ ಅರ್ಧ ಕೆಲಸ ಆಯಿತು.

ಎಲ್ಲಾ ನಾಯಿಗೂ ಈ ಆಟ ಒಂದೇ ಸಮ ಬರುವುದಿಲ್ಲ. ನಮ್ಮ ಮೂಡಿಗೆರೆಯಲ್ಲಿ ಕನ್ನಡ ಓದುವವರಿಗೆಲ್ಲ ಗೊತ್ತಿರುವ ಒಂದು ನಾಯಿ ಇತ್ತು, ಪೂರ್ಣಚಂದ್ರ ತೇಜಸ್ವಿಯವರ ‘ಕಿವಿ’. 1980ರಲ್ಲಿ ಬಂದ ‘ಕರ್ವಾಲೊ’ದಲ್ಲೂ ಅದು ಇದೆ, ‘ಪರಿಸರದ ಕತೆ’ಯಲ್ಲೂ ಇದೆ. ಅದು ಸ್ಪೇನಿಯಲ್ ಜಾತಿಯದು. ಪೊದೆಯಲ್ಲಿ ಅಡಗಿದ ಹಕ್ಕಿಯನ್ನು ಎಬ್ಬಿಸುವುದು, ಬಿದ್ದದ್ದನ್ನು ಹಲ್ಲು ಊರದೆ ಕಚ್ಚಿ ತರುವುದು ಆ ಜಾತಿಯ ಕಸುಬು. ಬಾಯಿ ಮೆದು. ಲ್ಯಾಬ್ರಡಾರ್‌ನ ಪೂರ್ವಿಕರು ಕೆನಡಾದ ನ್ಯೂಫೌಂಡ್‌ಲೆಂಡ್ ಕಡೆ ಮೀನುಗಾರರ ಜೊತೆ ನೀರಿಗೆ ಬಿದ್ದು ಬಲೆ, ಮೀನು ಎಳೆದು ತರುತ್ತಿದ್ದವು. ಅವಕ್ಕೆ ಇದು ರಕ್ತದಲ್ಲೇ ಇದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯದು ಬೇರೆ ದಾರಿ. ದೂರದಲ್ಲಿ ಓಡುವುದನ್ನು ಕಣ್ಣಲ್ಲಿ ಹಿಡಿದು, ಬೆನ್ನಟ್ಟಿ ಕೆಡವುವುದು ಅದರ ವಿದ್ಯೆ. ತಂದು ನಿಮ್ಮ ಕೈಗಿಡುವುದು ಅದರ ಕೆಲಸದ ಪಟ್ಟಿಯಲ್ಲಿ ಇಲ್ಲ. ಇನ್ನು ನಮ್ಮ ಮನೆಗಳ ಕಂತ್ರಿ ಕುನ್ನಿ ಕಾವಲಿನದ್ದು. ಓಡುತ್ತದೆ, ಕಚ್ಚುತ್ತದೆ, ಆಮೇಲೆ ಕಾಫಿ ಗಿಡದ ಬುಡಕ್ಕೆ ಹೋಗಿ ಅದನ್ನು ಸಿಗಿಯುತ್ತಾ ಕೂರುತ್ತದೆ. ‘ನಮ್ಮ ನಾಯಿಗೆ ಬುದ್ಧಿ ಇಲ್ಲ’ ಅನ್ನುತ್ತೇವೆ. ಸಿಕ್ಕಿದ್ದನ್ನು ಕೊಡದೇ ಇರುವುದು ಬುದ್ಧಿ ಇಲ್ಲದ ಲಕ್ಷಣವೇ? ಕೊಟ್ಟರೆ ಅದಕ್ಕೇನು ಸಿಗುತ್ತದೆ ಹೇಳಿ.

ಅಲ್ಲೇ ಇದರ ಗುಟ್ಟಿರುವುದು. ಓಡುವುದನ್ನು, ಕಚ್ಚುವುದನ್ನು ಕಲಿಸಬೇಕಾಗಿಲ್ಲ. ಕಲಿಸಬೇಕಾದ್ದು ವಾಪಸು ಬಂದು ಕೊಡುವುದನ್ನು. ಮನೆಯ ಉದ್ದ ಜಗುಲಿ ಇದಕ್ಕೆ ಒಳ್ಳೆಯ ಜಾಗ, ಪಕ್ಕಕ್ಕೆ ನುಸುಳಲು ದಾರಿ ಇರುವುದಿಲ್ಲ. ಹಳೆಯ ಲುಂಗಿ ಹರಿದು ಗಟ್ಟಿ ಗಂಟು ಹಾಕಿ. ನಾಲ್ಕು ಮಾರು ದೂರ ಎಸೆಯಿರಿ, ಹೆಚ್ಚು ಬೇಡ. ಕಚ್ಚಿದ ಕೂಡಲೇ ಹೆಸರು ಹಿಡಿದು ಕರೆಯುತ್ತಾ ನೀವು ಹಿಂದಕ್ಕೆ ಓಡಿ. ಅದರ ಹಿಂದೆ ಮಾತ್ರ ಓಡಲೇಬೇಡಿ. ಓಡಿದಿರೋ, ಆಟ ಬದಲಾಯಿತು. ನೀವು ಹಿಡಿಯುವವರು, ಅದು ತಪ್ಪಿಸಿಕೊಳ್ಳುವುದು. ಆ ಆಟದಲ್ಲಿ ಅದನ್ನು ಗೆದ್ದವರನ್ನು ನಾನು ನೋಡಿಲ್ಲ.

ಹತ್ತಿರ ಬಂದಾಗ ಗಂಟಿಗೆ ಕೈ ಹಾಕಿ ಜಗ್ಗಬೇಡಿ. ಮೂಗಿನ ಮುಂದೆ ಒಂದು ಚೂರು ಒಣಮೀನು ಹಿಡಿಯಿರಿ. ಮೀನು ತಿನ್ನದವರ ಮನೆಯಲ್ಲಿ ಬೆಲ್ಲ ಸವರದ ರೊಟ್ಟಿ ಚೂರಾದರೂ ಸಾಕು. ಬಾಯಿ ತೆರೆಯುತ್ತದೆ, ಗಂಟು ಬೀಳುತ್ತದೆ. ಬೀಳುವ ಆ ಗಳಿಗೆಯಲ್ಲಿ ‘ಕೊಡು’ ಎನ್ನಿ, ತಿಂಡಿ ಬಾಯಿಗೆ ಹಾಕಿ, ತಕ್ಷಣ ಗಂಟನ್ನು ಮತ್ತೆ ಎಸೆಯಿರಿ. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೊಟ್ಟರೆ ಕಳೆದುಕೊಂಡ ಹಾಗೆ ಅಲ್ಲ, ಆಟ ಮತ್ತೆ ಶುರುವಾಗುತ್ತದೆ ಎಂದು ಅದಕ್ಕೆ ತಿಳಿದರೆ ಆಮೇಲೆ ಒಣಮೀನೂ ಬೇಡ. ಮನೆಮಂದಿಯೆಲ್ಲ ಒಂದೇ ಮಾತು ಬಳಸಿ. ಅಜ್ಜಿ ‘ತಾ’, ಅಣ್ಣ ‘ಬಿಡು’, ನೀವು ‘ಗಿವ್’ ಅಂದರೆ ನಾಯಿ ಯಾರ ಮಾತು ಕೇಳಬೇಕು? ದಿನಕ್ಕೆ ಎರಡು ಸಲ, ಐದೈದು ನಿಮಿಷ. ಅದಕ್ಕೆ ಬೇಸರ ಬರುವ ಮುಂಚೆ ನೀವೇ ನಿಲ್ಲಿಸಿ. ತಡಮಾಡಿತು ಎಂದು ಹೊಡೆಯುವುದಂತೂ ಬೇಡ, ಕೊನೆಗೂ ವಾಪಸು ಬಂದದ್ದಕ್ಕೇ ಏಟು ಬಿತ್ತು ಎಂದು ಅದು ತಿಳಿಯುತ್ತದೆ.

ಎಸೆಯುವ ವಸ್ತುವಿನ ವಿಷಯ. ಕಲ್ಲು ಕಚ್ಚಿಸಿದರೆ ಹಲ್ಲು ಮುರಿಯುತ್ತದೆ. ಕಾಫಿ ಗಿಡದ ಕಸಿ ಮಾಡಿದ ಕಡ್ಡಿ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಸಿಬಿರು ಗಂಟಲಿಗೆ, ಒಸಡಿಗೆ ಚುಚ್ಚುತ್ತದೆ. ಬಾಯೊಳಗೆ ಪೂರ್ತಿ ಹೋಗುವಷ್ಟು ಚಿಕ್ಕ ಚೆಂಡು ಉಸಿರು ಕಟ್ಟಿಸುತ್ತದೆ. ಮರಿಗೆ ನಾಲ್ಕರಿಂದ ಆರು ತಿಂಗಳಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಬಟ್ಟೆ ಗಂಟೇ ಸರಿ.

ಆಟವನ್ನು ಕಣದಲ್ಲಿ, ಅಂಗಳದಲ್ಲಿ ಆಡಿ. ಕಾಡಂಚಿನ ಪೊದೆಗೆ ಎಸೆಯಬೇಡಿ. ನಾಯಿ ಮೈಗೆ ಉಣ್ಣಿ ಹತ್ತಿಸಿಕೊಂಡು ಮನೆಗೆ ತರುತ್ತದೆ. ಮಂಗನ ಕಾಯಿಲೆ ಉಣ್ಣಿಯಿಂದ ಹರಡುವುದು ಎಂದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಕಡೆ ಅದು ಕಾಣಿಸಿಕೊಂಡಾಗಿನಿಂದ ನಾವು ಕೇಳುತ್ತಿದ್ದೇವೆ, ನಮ್ಮ ಜಿಲ್ಲೆಗೂ ಅದು ಬಂದಿದೆ. ಸತ್ತ ಮಂಗದ ಹತ್ತಿರ ನಾಯಿಯನ್ನೂ ಬಿಡಬೇಡಿ, ನೀವೂ ಹೋಗಬೇಡಿ. ಆರೋಗ್ಯ ಕೇಂದ್ರಕ್ಕೆ ತಿಳಿಸಿ.

‘ಕೊಡು’ ಎಂಬ ಮಾತು ಆಟಕ್ಕಷ್ಟೇ ಅಲ್ಲ ಎಂದು ಹೇಳುವುದಕ್ಕೇ ನಾನು ಇಲ್ಲಿ ನಿಂತದ್ದು. ಮಳೆಗಾಲದಲ್ಲಿ ಶಂಖದ ಹುಳುವಿಗೆ ತೋಟದಲ್ಲಿ ವಿಷದ ಗುಳಿಗೆ ಹಾಕುತ್ತಾರೆ. ಇಲಿ ಪಾಷಾಣ ತಿಂದು ಸತ್ತ ಇಲಿ ಅಂಗಳದಲ್ಲಿ ಬಿದ್ದಿರುತ್ತದೆ. ಅದನ್ನು ಕಚ್ಚಿಕೊಂಡ ನಾಯಿಯನ್ನು ಬೈಯುತ್ತಾ ಅಟ್ಟಿದರೆ ಅದು ಓಡುತ್ತಾ ನುಂಗುತ್ತದೆ. ‘ಕೊಡು’ ಕಲಿತ ನಾಯಿ ಬಾಯಿ ಬಿಡುವ ಸಂಭವ ಹೆಚ್ಚು. ಮೂಗಿನಿಂದ ನೊರೆ ಸುರಿಸುತ್ತಾ ಗೋಣಿಯಲ್ಲಿ ಬಂದ ನಾಯಿಗಳನ್ನು ನಾನು ನನ್ನ ಸರ್ವೀಸಿನಲ್ಲಿ ಸಾಕಷ್ಟು ನೋಡಿದ್ದೇನೆ, ಗೋಣಿಯಲ್ಲೇ ವಾಪಸು ಹೋದವೂ ಇದ್ದವು. ಕಾಡುಹಂದಿಗೆಂದು ಕದ್ದು ಇಡುವ ಸಿಡಿಮದ್ದಿನ ಉಂಡೆಗೆ ಮಾತ್ರ ಯಾವ ಮಾತೂ ಉಪಯೋಗಕ್ಕೆ ಬಾರದು. ಹಲ್ಲು ಊರಿದರೆ ಮುಗಿಯಿತು. ಅದನ್ನು ಇಡುವವರು ಈ ಸಭೆಯಲ್ಲಿ ಇಲ್ಲ ಎಂದುಕೊಳ್ಳುತ್ತೇನೆ.

ಮಕ್ಕಳೇ, ಇದನ್ನೆಲ್ಲ ಮನೆಯ ನಾಯಿಗೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ಆಮೇಲೆ ಪ್ರತಿವರ್ಷ ಹಾಕಿಸುತ್ತಿರುವ ನಾಯಿಗೆ ಕಲಿಸಿ. ಆಡುವಾಗ ಹಲ್ಲು ತಾಗಿ ರಕ್ತ ಬಂದರೆ ಅಪ್ಪ ಬೈಯುತ್ತಾರೆಂದು ಮುಚ್ಚಿಡಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಚುಚ್ಚುಮದ್ದಿಗೆ ದುಡ್ಡಿಲ್ಲ.

ಬಿಸಿಯೂಟದ ಕೋಣೆ ಹಿಂದೆ ಮಲಗುವ ಕೆಂದು ನಾಯಿಗೆ ಕಲಿಸಬಹುದೇ ಎಂದು ಎಂಟನೇ ಕ್ಲಾಸಿನ ಹುಡುಗಿ ಬೆಳಗ್ಗೆಯೇ ಕೇಳಿದ್ದಾಳೆ. ಅದಕ್ಕೆ ಈಗ ಮರಿ ಇದೆ. ಮರಿ ಇರುವ ತಾಯಿಯ ಹತ್ತಿರ ಹೋಗಬೇಡಮ್ಮ. ಮರಿಗಳು ದೊಡ್ಡವಾಗಲಿ, ನಿಮ್ಮ ಮೇಷ್ಟ್ರು ಹೇಳಿ ಕಳಿಸಿದರೆ ಚುಚ್ಚುಮದ್ದು ಹಾಕಿಸುವ ವ್ಯವಸ್ಥೆಗೆ ನಾನೇ ಬರುತ್ತೇನೆ. ಬರುವಾಗ ಹಳೆಯ ಲುಂಗಿಯನ್ನೂ ತರುತ್ತೇನೆ.