ಗ್ರಾಫಿಗೆ ತಕ್ಕ ಸಮೀಕರಣ



ಗ್ರಾಫ್ ಒಂದು, ಸಮೀಕರಣ ನಾಲ್ಕು. ಸರಿಯಾದುದನ್ನು ಆರಿಸಿ ಎಂಬ ಪ್ರಶ್ನೆ ಬಂದರೆ ನಮ್ಮ ಮಕ್ಕಳಲ್ಲಿ ಅನೇಕರು ಊಹಿಸಿ ಗುರುತು ಹಾಕುತ್ತಾರೆ. ಊಹೆ ಏಕೆ?

ಘಾತೀಯ ಫಲನದಲ್ಲಿ ಬಿ ಎಂಬ ಸಂಖ್ಯೆಯನ್ನು ಎಕ್ಸ್ ಘಾತಕ್ಕೇರಿಸಿ ಎ ಯಿಂದ ಗುಣಿಸಿದರೆ ವೈ ಬರುತ್ತದೆ. ಎಕ್ಸ್ ಸೊನ್ನೆಯಾದಾಗ ಉಳಿಯುವುದು ಎ ಮಾತ್ರ. ಆದ್ದರಿಂದ ರೇಖೆಯು ವೈ ಅಕ್ಷವನ್ನು ಕಡಿಯುವ ಎತ್ತರವೇ ಎ. ಒಂದು ಹೆಜ್ಜೆ ಬಲಕ್ಕೆ ಸರಿದು, ಅಲ್ಲಿನ ಎತ್ತರವನ್ನು ಹಿಂದಿನದರಿಂದ ಭಾಗಿಸಿದರೆ ಬಿ. 3, 6, 12 ಎಂದು ಏರಿದರೆ ಬಿ 2. 12, 6, 3 ಎಂದು ಇಳಿದರೆ ಅರ್ಧ. ಇಳಿಯುವ ರೇಖೆ ಕಂಡೊಡನೆ ಎ ಋಣ ಎನ್ನಬೇಡಿ. ಹಾಗಿದ್ದರೆ ರೇಖೆ ಎಕ್ಸ್ ಅಕ್ಷದ ಕೆಳಗೇ ಇರುತ್ತಿತ್ತು.

ಈಗ ನಮ್ಮದೇ ಲೆಕ್ಕ. ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 15,17,896; 2011ರಲ್ಲಿ 16,59,456. ಹತ್ತು ವರ್ಷ ಒಂದು ಹೆಜ್ಜೆಯಾದರೆ ಬಿ ಸುಮಾರು 1.093. ಆದರೆ ಎರಡು ಬಿಂದುಗಳ ಮೂಲಕ ಸರಳರೇಖೆಯೂ ಹಾಯುತ್ತದಲ್ಲ! ಮೂರನೆಯದು ಬೇಕೇ ಬೇಕು. ದೇಶದ ಅಂಕಿ ನೋಡಿ: 1991, 2001, 2011ರಲ್ಲಿ ಕ್ರಮವಾಗಿ 84.6, 102.9, 121.1 ಕೋಟಿ. ಭಾಗಿಸಿದರೆ 1.216, ಆಮೇಲೆ 1.177, ಕಳೆದರೆ ಎರಡು ಸಲವೂ ಹೆಚ್ಚುಕಡಿಮೆ 18 ಕೋಟಿ. ಜನಸಂಖ್ಯೆ ಘಾತೀಯವಾಗಿ ಬೆಳೆಯುತ್ತದೆಂದು ಎಲ್ಲರೂ ಹೇಳುತ್ತಾರೆ, ಆದರೆ ಆ ಇಪ್ಪತ್ತು ವರ್ಷಕ್ಕೆ ಒಪ್ಪುವುದು ಸರಳರೇಖೆಯೇ.

ನಮ್ಮ ಜಿಲ್ಲೆಗೆ 1991ರ ಅಂಕಿ ಸೇರಿಸುವಾಗ ಎಚ್ಚರ. ಆಗ ದಾವಣಗೆರೆಯೂ ಇದೇ ಜಿಲ್ಲೆಯಲ್ಲಿತ್ತು, 1997ರಲ್ಲಿ ಬೇರೆಯಾಯಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು ಈ ಆರು ತಾಲ್ಲೂಕುಗಳ ಮೊತ್ತವನ್ನಷ್ಟೇ ಗುರುತಿಸಿ, ಆಮೇಲೆ ಭಾಗಿಸಿ ನೋಡಿ.