ಅಪ್‌ಡೇಟ್ ಆಯಿತು, ಧ್ವನಿ ಹೋಯಿತು



ಹಳಿಯಾಳ, ದಾಂಡೇಲಿ, ಮುಂಡಗೋಡ ಎಲ್ಲೇ ಆಗಲಿ, ಕಂಪ್ಯೂಟರ್ ರಿಪೇರಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಕಿವಿಗೆ ಬೀಳುತ್ತದೆ: "ಅಣ್ಣಾ, ಅಪ್‌ಡೇಟ್ ಆದ ಮ್ಯಾಲೆ ಸೌಂಡ್ ಬರವಲ್ದು. ಸ್ಪೀಕರ್ ಸುಟ್ಟಾವೇನ ನೋಡ್ರಿ." ಸ್ಪೀಕರ್ ಸುಟ್ಟಿರುವುದಿಲ್ಲ. ರಾತ್ರಿ ಹಾಡು ಕೇಳಿಸಿದ ಸ್ಪೀಕರ್ ಬೆಳಗಾಗುವುದರೊಳಗೆ, ಅದೂ ಅಪ್‌ಡೇಟ್ ಮುಗಿಯುವ ಹೊತ್ತಿಗೇ ಸರಿಯಾಗಿ, ಸುಟ್ಟುಹೋಗುವುದು ತೀರ ಅಪರೂಪ. ಕೈಕೊಟ್ಟಿರುವುದು ಡ್ರೈವರ್.

ಈ ದೂರು ಈಗ ಹೆಚ್ಚಾಗಿ ಕೇಳಿಬರುವುದಕ್ಕೆ ಕಾರಣವೂ ಇದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮನೆಬಳಕೆಯ ಯಂತ್ರ ನೋಂದಾಯಿಸಿಕೊಂಡವರಿಗೆ ಭದ್ರತೆಯ ಅಪ್‌ಡೇಟ್ ಮಾತ್ರ ಇನ್ನೊಂದು ವರ್ಷ ಎಂದಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಬೇಕು. ಕಾಲೇಜಿಗೆಂದು ಹತ್ತು ವರ್ಷದ ಹಿಂದೆ ಕೊಂಡ ಲ್ಯಾಪ್‌ಟಾಪ್ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಹಾಗಾಗಿ ಕೆಲವರು ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಸಿಕೊಂಡರು, ಕೆಲವರು ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂಗೆ ಹೋದರು, ಹೊಸ ಯಂತ್ರವಿದ್ದವರು ನೇರವಾಗಿ ಅಪ್‌ಡೇಟ್ ಒತ್ತಿದರು. ಮೂರೂ ಗುಂಪಿನಲ್ಲಿ ಧ್ವನಿ ಕಳೆದುಕೊಂಡವರು ಇದ್ದಾರೆ.

ಡ್ರೈವರ್ ಎಂದರೆ ಆಪರೇಟಿಂಗ್ ಸಿಸ್ಟಂಗೂ ಒಂದು ಬಿಡಿಭಾಗಕ್ಕೂ ನಡುವೆ ಇರುವ ತಂತ್ರಾಂಶ. ನೀವು ಒಂದು ಹಾಡು ಹಾಕಿದಾಗ ಫೈಲಿನಿಂದ ಹೊರಡುವುದು ಸ್ವರವಲ್ಲ, ಅಂಕಿಗಳು. ಸಿ.ಡಿ. ಗುಣಮಟ್ಟದ ಹಾಡಾದರೆ ಒಂದೊಂದು ಕಿವಿಗೂ ಸೆಕೆಂಡಿಗೆ 44,100 ಅಂಕಿ. ಕೋಡೆಕ್ ಎಂಬ ಚಿಪ್ಪು ಅವನ್ನು ವಿದ್ಯುತ್ತಿನ ಏರಿಳಿತವಾಗಿ ಮಾಡಿ ಆಂಪ್ಲಿಫೈಯರ್‌ಗೆ ಕಳಿಸುತ್ತದೆ, ಅಲ್ಲಿಂದ ಸ್ಪೀಕರ್‌ಗೆ. ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಈ ಚಿಪ್ಪು ತೈವಾನಿನ ರಿಯಲ್‌ಟೆಕ್ ಕಂಪನಿಯದು. 1987ರಲ್ಲಿ ಹುಟ್ಟಿದ ಕಂಪನಿ, ಏಡಿಯ ಚಿತ್ರ ಅದರ ಗುರುತು. ಚಿಪ್ಪು ಮತ್ತು ಕಂಪ್ಯೂಟರ್ ಮಾತಾಡುವ ರೀತಿಗೆ 2004ರಲ್ಲಿ ಇಂಟೆಲ್ ಒಂದು ಮಾನದಂಡ ಮಾಡಿತು. ಹೈ ಡೆಫಿನಿಷನ್ ಆಡಿಯೊ ಎನ್ನುವುದು ಅದನ್ನೇ.

ಚಿಪ್ಪು ಒಂದೇ, ಮಾನದಂಡ ಒಂದೇ. ಹಾಗಿದ್ದರೆ ಡ್ರೈವರ್ ಯಾಕೆ ಕೈಕೊಡುತ್ತದೆ? ಸಮಸ್ಯೆಯ ಮೂಲ ಇಲ್ಲೇ ಇದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಎರಡು ಮನೆಗೆ ಒಂದೇ ಕಂಪನಿಯ ಸ್ವಿಚ್‌ಬೋರ್ಡ್ ತಂದು ಹಾಕಿದರೂ ಯಾವ ಗುಂಡಿಗೆ ಅಡುಗೆಮನೆಯ ದೀಪ, ಯಾವುದಕ್ಕೆ ಪಡಸಾಲೆಯ ಫ್ಯಾನು ಎಂಬುದು ಆ ಮನೆಯ ವೈರಿಂಗ್ ಮಾಡಿದವನಿಗೇ ಗೊತ್ತು. ಲ್ಯಾಪ್‌ಟಾಪಿನ ಒಳಗೂ ಹೀಗೆಯೇ. ರಿಯಲ್‌ಟೆಕ್ ಚಿಪ್ಪಿಗೆ ಹಲವು ಕಾಲುಗಳಿವೆ. ಯಾವ ಕಾಲನ್ನು ಸ್ಪೀಕರ್‌ಗೆ ಜೋಡಿಸಬೇಕು, ಯಾವುದನ್ನು ಹೆಡ್‌ಫೋನ್ ತೂತಿಗೆ, ಮೈಕಿಗೆ ಯಾವುದು, ಆಂಪ್ಲಿಫೈಯರನ್ನು ಎಬ್ಬಿಸಲು ಬೇರೆ ಎಳೆ ಬೇಕೇ ಬೇಡವೇ, ಇದೆಲ್ಲ ಲ್ಯಾಪ್‌ಟಾಪ್ ಮಾಡುವ ಕಂಪನಿಯ ತೀರ್ಮಾನ. ಡೆಲ್ ಒಂದು ರೀತಿ ಮಾಡಿದರೆ ಏಸರ್ ಇನ್ನೊಂದು ರೀತಿ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ವ್ಯತ್ಯಾಸವಿರುತ್ತದೆ. ಕಂಪನಿ ಕೊಡುವ ಡ್ರೈವರ್‌ಗೆ ತನ್ನ ಮಾಡೆಲ್‌ನ ಈ ಜೋಡಣೆ ಗೊತ್ತಿರುತ್ತದೆ. ವಿಂಡೋಸ್ ಜೊತೆಗೇ ಬರುವ ಸಾಮಾನ್ಯ ಡ್ರೈವರ್‌ಗೆ ಎಲ್ಲ ಸಲವೂ ಗೊತ್ತಿರುವುದಿಲ್ಲ. ಲಿನಕ್ಸ್ ಬರೆಯುವವರಂತೂ ಇದಕ್ಕಾಗಿಯೇ ಒಂದು ದೊಡ್ಡ ಪಟ್ಟಿ ಇಟ್ಟಿದ್ದಾರೆ. ಇಂಥ ಮಾಡೆಲ್ ಆದರೆ ಇಂಥ ತಿದ್ದುಪಡಿ ಎಂದು ನೂರಾರು ಸಾಲು.

ಈಗ ಒಂದು ವಿಚಿತ್ರ ಲಕ್ಷಣ ನಿಮಗೆ ಅರ್ಥವಾಗುತ್ತದೆ. ಹಾಡು ಓಡುತ್ತಿರುತ್ತದೆ, ಪರದೆಯ ಮೇಲೆ ಧ್ವನಿಯ ಪಟ್ಟಿ ಕುಣಿಯುತ್ತಿರುತ್ತದೆ, "ಈ ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆ" ಎಂದು ವಿಂಡೋಸ್ ಹೇಳುತ್ತದೆ, ಹೆಡ್‌ಫೋನ್ ಹಾಕಿದರೆ ಕೇಳುತ್ತದೆ, ಸ್ಪೀಕರ್ ಮಾತ್ರ ಮೌನ. ಅಂಕಿಗಳು ಚಿಪ್ಪಿನವರೆಗೂ ಹೋಗಿವೆ. ಆಂಪ್ಲಿಫೈಯರನ್ನು ಎಬ್ಬಿಸುವ ಎಳೆ ಯಾವುದೆಂದು ಈಗಿನ ಡ್ರೈವರ್‌ಗೆ ತಿಳಿದಿಲ್ಲ, ಅಷ್ಟೆ. ಇಂಥ ಯಂತ್ರಕ್ಕೆ ಹೊಸ ಸ್ಪೀಕರ್ ಹಾಕಿಸಿದರೆ ದುಡ್ಡು ದಂಡ.

ಆದ್ದರಿಂದ ನಾನು ಹೇಳಬೇಕಾದ ಮುಖ್ಯ ಮಾತು ಇದು: ಧ್ವನಿಯ ಮಟ್ಟಿಗೆ ಎಲ್ಲಕ್ಕಿಂತ ಹೊಸ ಡ್ರೈವರ್ ಹುಡುಕಬೇಡಿ, ನಿಮ್ಮ ಮಾಡೆಲ್‌ನ ಡ್ರೈವರ್ ಹುಡುಕಿ. ಆವೃತ್ತಿಯ ಅಂಕಿ ದೊಡ್ಡದಿದ್ದರೆ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ವಿಂಡೋಸ್ 11 ಬಂದ 2021ರಲ್ಲೇ ಇಂಟೆಲ್‌ನ ಸ್ಮಾರ್ಟ್ ಸೌಂಡ್ ಡ್ರೈವರಿನ ಎರಡು ಆವೃತ್ತಿಗಳಿಂದ ಕೆಲವು ಯಂತ್ರಗಳು ನೀಲಿ ಪರದೆ ತೋರಿಸಿ ನಿಲ್ಲುತ್ತಿದ್ದವು. ಅದಕ್ಕೆ ಪರಿಹಾರ ಹೇಳುವಾಗ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಬರೆಯಬೇಕಾಯಿತು: 10.30 ಎಂದು ಶುರುವಾಗುವ ಡ್ರೈವರ್ 10.29ಕ್ಕಿಂತ ಹೊಸದೆಂದು ತಿಳಿಯಬೇಡಿ, ಕೊನೆಯ ಭಾಗದ ಅಂಕಿ ನೋಡಿ ಎಂದು.

ತಪ್ಪು ಬಳಕೆದಾರರದೇ ಆಗಿರಬೇಕಿಲ್ಲ. 2018ರ ಅಕ್ಟೋಬರ್‌ನಲ್ಲಿ ಒಂದು ತಪ್ಪು ಇಂಟೆಲ್ ಆಡಿಯೊ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ತಾನಾಗಿಯೇ ಜನರ ಯಂತ್ರಗಳಿಗೆ ಹೋಯಿತು. ಧ್ವನಿ ಹೋದವರಿಗಾಗಿ ಮತ್ತೊಂದು ಅಪ್‌ಡೇಟ್ ಬಿಡಬೇಕಾಯಿತು. 2025ರ ಜನವರಿಯ ಭದ್ರತಾ ಅಪ್‌ಡೇಟ್ ಬಂದಾಗ ಹಳೆಯ ಬಗೆಯ ಯುಎಸ್‌ಬಿ ಡ್ರೈವರ್ ನೆಚ್ಚಿದ ಕೆಲವು ಆಡಿಯೊ ಪೆಟ್ಟಿಗೆಗಳು ನಿಂತುಹೋದವು, ತಿಂಗಳ ಕೊನೆಗೆ ಸರಿಯಾಯಿತು. ಇನ್ನೂ ಹಿಂದಿನ ಕಥೆ 2007ರದು. ವಿಂಡೋಸ್ ವಿಸ್ತಾ ಧ್ವನಿಯ ವ್ಯವಸ್ಥೆಯನ್ನೇ ಬುಡದಿಂದ ಬದಲಿಸಿತು, ಸೌಂಡ್ ಬ್ಲಾಸ್ಟರ್ ಎಂಬ ಹೆಸರಾಂತ ಕಾರ್ಡುಗಳ ಎಷ್ಟೋ ಸೌಲಭ್ಯ ಮಾಯವಾಯಿತು. ಬ್ರೆಜಿಲ್‌ನ ಒಬ್ಬ ಹವ್ಯಾಸಿ ಡ್ರೈವರನ್ನು ತಾನೇ ತಿದ್ದಿ ಹಂಚಿದ. ಕಾರ್ಡ್ ಮಾಡಿದ ಕಂಪನಿ 2008ರಲ್ಲಿ ಅವನಿಗೆ ನಿಲ್ಲಿಸು ಎಂದಾಗ ಗಿರಾಕಿಗಳು ಕಂಪನಿಯ ಮೇಲೆಯೇ ಸಿಟ್ಟಾದರು. ನನ್ನನ್ನು ಕೇಳಿದರೆ ಗಿರಾಕಿಗಳ ಸಿಟ್ಟು ನ್ಯಾಯವಾದದ್ದೇ. ದುಡ್ಡು ಕೊಟ್ಟು ಕೊಂಡ ವಸ್ತು ಬೇರೆ ಯಾರೋ ಮಾಡಿದ ಅಪ್‌ಡೇಟ್‌ನಿಂದ ಮೂಕವಾದರೆ ಯಾರು ಸುಮ್ಮನಿರುತ್ತಾರೆ?

ಇನ್ನು ಕೈಗೆ ಕೆಲಸ. ಡ್ರೈವರ್ ಮುಟ್ಟುವ ಮೊದಲು ಧ್ವನಿ ಬೇರೆ ಕಡೆ ಹೋಗುತ್ತಿದೆಯೇ ನೋಡಿ. ಅಪ್‌ಡೇಟ್ ಆದಾಗ ವಿಂಡೋಸ್ ಕೆಲವೊಮ್ಮೆ ಸ್ಪೀಕರ್ ಬಿಟ್ಟು ಟಿ.ವಿ.ಯನ್ನೋ ಮಾನಿಟರನ್ನೋ ಬ್ಲೂಟೂತನ್ನೋ ಆರಿಸಿಕೊಂಡಿರುತ್ತದೆ. ಕೆಳಗೆ ಬಲಮೂಲೆಯ ಸ್ಪೀಕರ್ ಗುರುತು ಒತ್ತಿ ಸರಿಯಾದದ್ದನ್ನು ಆರಿಸಿದರೆ ಅಲ್ಲಿಗೇ ಮುಗಿಯಬಹುದು. ಆಗಲಿಲ್ಲವಾದರೆ ರಿಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಹಚ್ಚುವುದಲ್ಲ, ರಿಸ್ಟಾರ್ಟ್. ಈಗಿನ ವಿಂಡೋಸ್‌ನಲ್ಲಿ ಶಟ್‌ಡೌನ್ ಎಂದರೆ ಸಾಮಾನ್ಯವಾಗಿ ಅರ್ಧ ನಿದ್ದೆ. ಬೇಗ ಏಳಲೆಂದು ಒಳಗಿನ ಸ್ಥಿತಿಯನ್ನು ಉಳಿಸಿಟ್ಟುಕೊಳ್ಳುತ್ತದೆ, ಜೊತೆಗೆ ತೊಂದರೆಯನ್ನೂ.

ಆಮೇಲೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಧ್ವನಿಯ ಸಾಧನಗಳ ಸಾಲಿನಲ್ಲಿ ರಿಯಲ್‌ಟೆಕ್ ಹೆಸರಿದೆಯೇ, ಬರೀ ಹೈ ಡೆಫಿನಿಷನ್ ಆಡಿಯೊ ಡಿವೈಸ್ ಎಂದಿದೆಯೇ, ಹಳದಿ ಗುರುತು ಬಿದ್ದಿದೆಯೇ ನೋಡಿ. ಪ್ರಾಪರ್ಟೀಸ್‌ನ ಒಳಗೆ ಡ್ರೈವರ್ ಎಂಬ ಪುಟದಲ್ಲಿ ರೋಲ್ ಬ್ಯಾಕ್ ಎಂಬ ಗುಂಡಿ ಇರುತ್ತದೆ. ಅದು ಒತ್ತಲು ಬಂದರೆ ಹಳೆಯ ಡ್ರೈವರ್ ಯಂತ್ರದಲ್ಲೇ ಉಳಿದಿದೆ, ಹಿಂದಕ್ಕೆ ಹೋಗಬಹುದು. ಇಂಟರ್ನೆಟ್ ಬೇಡ, ಪುಗಸಟ್ಟೆ ಕೆಲಸ. ಗುಂಡಿ ಮಂಕಾಗಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣಕ್ಕೇ ಹೋಗಬೇಕು. ಅಲ್ಲಿ ಮಾಡೆಲ್ ಅಥವಾ ಸೀರಿಯಲ್ ನಂಬರ್ ಕೇಳುತ್ತಾರೆ, ಡೆಲ್ ಆದರೆ ಸರ್ವಿಸ್ ಟ್ಯಾಗ್. ಇವೆಲ್ಲ ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಬೆನ್ನಿನ ಚೀಟಿಯಲ್ಲಿರುತ್ತವೆ. ಅಂಗಡಿಯಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್ ಆದರೆ ಮದರ್‌ಬೋರ್ಡ್ ಕಂಪನಿಯ ತಾಣ. ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ: ರಿಯಲ್‌ಟೆಕ್ ಡ್ರೈವರಿನ ಕೆಳಗೆ ಸ್ಮಾರ್ಟ್ ಸೌಂಡ್ ಎಂಬ ಇನ್ನೊಂದು ಡ್ರೈವರ್ ಕೂತಿರುತ್ತದೆ. ಕೆಳಗಿನದು ಸರಿಯಿಲ್ಲದಿದ್ದರೆ ಮೇಲಿನದನ್ನು ಎಷ್ಟು ಸಲ ಹಾಕಿದರೂ ಅಷ್ಟೇ.

ಲಿನಕ್ಸ್ ಹಾಕಿಕೊಂಡವರಿಗೆ ದಾರಿ ಸುಲಭ. ಯಂತ್ರ ಹಚ್ಚುವಾಗ ಬರುವ ಪಟ್ಟಿಯಲ್ಲಿ ಹಳೆಯ ಕರ್ನೆಲ್, ಅಂದರೆ ಸಿಸ್ಟಂನ ತಿರುಳಿನ ಹಳೆಯ ಆವೃತ್ತಿ, ಆರಿಸಿ ನೋಡಿ. ಅದರಲ್ಲಿ ಧ್ವನಿ ಬಂದರೆ ದೋಷ ಹೊಸ ಕರ್ನೆಲ್‌ನದು, ಮುಂದಿನ ಅಪ್‌ಡೇಟ್‌ವರೆಗೆ ಹಳೆಯದರಲ್ಲೇ ಇರಬಹುದು. ಹೊಸ ಲ್ಯಾಪ್‌ಟಾಪ್‌ನಲ್ಲಿ ಧ್ವನಿಯ ಸಾಧನವೇ ಕಾಣದಿದ್ದರೆ ಸೌಂಡ್ ಓಪನ್ ಫರ್ಮ್‌ವೇರ್ ಎಂಬ ಕಟ್ಟು ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು. ಧ್ವನಿಯ ಮಟ್ಟ ಹೊಂದಿಸುವ ಆಲ್ಸಾಮಿಕ್ಸರ್ ಎಂಬುದನ್ನು ತೆರೆದು ಸ್ಪೀಕರ್ ಮ್ಯೂಟ್ ಆಗಿದೆಯೇ ಎಂದೂ ನೋಡಿ.

ಮೈಕಿನ ವಿಷಯ ಇನ್ನೂ ಸ್ವಾರಸ್ಯ. ನಮ್ಮ ಕಡೆಯ ಎಷ್ಟೋ ಮಕ್ಕಳು ಈಗ ಧಾರವಾಡದ ಗುರುಗಳ ಹತ್ತಿರ ಆನ್‌ಲೈನ್‌ನಲ್ಲಿ ಸಂಗೀತ ಕಲಿಯುತ್ತಾರೆ. ಅಪ್‌ಡೇಟ್ ಆದ ಮೇಲೆ ಗುರುಗಳಿಗೆ ಹಾಡು ಕೇಳುತ್ತದೆ, ತಂಬೂರಿ ಕೇಳುವುದಿಲ್ಲ! ಡ್ರೈವರ್ ಹೊಸದಾದಾಗ ಗದ್ದಲ ತಗ್ಗಿಸುವ ಸೌಲಭ್ಯ ಕೆಲವೊಮ್ಮೆ ತಾನಾಗಿ ಚಾಲೂ ಆಗಿರುತ್ತದೆ. ಮಾತು ಉಳಿಸಿ, ಒಂದೇ ಸಮನೆ ಬರುವ ಸದ್ದನ್ನು ಅಳಿಸುವುದು ಅದರ ಕೆಲಸ. ತಂಬೂರಿಯ ಶ್ರುತಿ ಅದಕ್ಕೆ ಫ್ಯಾನಿನ ಸದ್ದು. ಜೋಯಿಡಾದ ಕುಣಬಿ ಹಾಡನ್ನೋ ಸಿದ್ದಿಯರ ಡಮಾಮಿ ವಾದ್ಯವನ್ನೋ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡುವ ವಿದ್ಯಾರ್ಥಿಗಳೂ ಇದನ್ನು ನೆನಪಿಡಬೇಕು. ಈ ಸೌಲಭ್ಯ ವಾದ್ಯದ ಪೆಟ್ಟುಗಳನ್ನು ಮೊಂಡು ಮಾಡಿ ಕೊಡುತ್ತದೆ, ಮನೆಗೆ ಬಂದು ಕೇಳಿದಾಗಲೇ ಗೊತ್ತಾಗುವುದು. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮೈಕನ್ನು ಆರಿಸಿ ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಎಂಬುದನ್ನು ಆಫ್ ಮಾಡಿ. ಮೈಕೇ ಸತ್ತಂತಿದ್ದರೆ ಪ್ರೈವೆಸಿ ಎಂಬಲ್ಲಿ ಮೈಕಿಗೆ ಅನುಮತಿ ಇದೆಯೇ ನೋಡಿ.

ಕಣ್ಣು ಕಾಣದವರಿಗೆ ಈ ತೊಂದರೆ ಬೇರೆಯೇ ತೂಕದ್ದು. ಅವರು ಕಂಪ್ಯೂಟರ್ ಬಳಸುವುದು ಪರದೆಯನ್ನು ಓದಿ ಹೇಳುವ ಎನ್‌ವಿಡಿಎಯಂಥ ತಂತ್ರಾಂಶದಿಂದ. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಧ್ವನಿ ಹೋಯಿತೆಂದರೆ ಅವರಿಗೆ ಹಾಡು ಹೋದದ್ದಲ್ಲ, ಕಂಪ್ಯೂಟರೇ ಹೋಯಿತು. ಧ್ವನಿ ಸರಿಪಡಿಸಲು ಬೇಕಾದ ಪುಟವನ್ನು ಓದುವುದಕ್ಕೂ ಧ್ವನಿಯೇ ಬೇಕು. ಇಂಥವರ ಮೇಜಿನಲ್ಲಿ ಒಂದು ಯುಎಸ್‌ಬಿ ಹೆಡ್‌ಸೆಟ್ ಇರಲೇಬೇಕು. ಅದರೊಳಗೆ ಅದರದೇ ಚಿಕ್ಕ ಸೌಂಡ್ ಚಿಪ್ಪಿದೆ. ಲ್ಯಾಪ್‌ಟಾಪಿನ ರಿಯಲ್‌ಟೆಕ್ ಕೈಕೊಟ್ಟರೂ ಇದು ವಿಂಡೋಸ್‌ನ ಸಾಮಾನ್ಯ ಯುಎಸ್‌ಬಿ ಡ್ರೈವರಿನಿಂದ ಮಾತಾಡುತ್ತದೆ. ಉಳಿದವರಿಗೂ ಇದು ಒಳ್ಳೆಯ ಉಪಾಯ. ನಾಳೆ ಆನ್‌ಲೈನ್ ಸಂದರ್ಶನ ಇದೆ, ಇವತ್ತು ರಾತ್ರಿ ಸೌಂಡ್ ಹೋಯಿತು ಎಂದರೆ ಡ್ರೈವರ್ ಜೊತೆ ಗುದ್ದಾಡಬೇಡಿ. ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಸೌಂಡ್ ಅಡಾಪ್ಟರ್ ಚುಚ್ಚಿ ಕೆಲಸ ಮುಗಿಸಿ.

ನಮ್ಮ ಭಾಗಕ್ಕೆ ಮೂರು ಎಚ್ಚರಿಕೆ ಪ್ರತ್ಯೇಕವಾಗಿ ಹೇಳಬೇಕು. ಜೋಯಿಡಾದ ಒಳಹಳ್ಳಿಗಳಲ್ಲಿ ನೆಟ್‌ವರ್ಕಿಗಾಗಿ ಗುಡ್ಡ ಹತ್ತುವವರಿಗೆ ನೂರಾರು ಎಂ.ಬಿ.ಯ ಡ್ರೈವರ್ ಇಳಿಸಿಕೊಳ್ಳುವುದು ಆಟವಲ್ಲ. ದಾಂಡೇಲಿಗೋ ಹಳಿಯಾಳಕ್ಕೋ ಹೋದಾಗ ಸೌಂಡ್ ಡ್ರೈವರ್ ಮತ್ತು ವೈಫೈ ಡ್ರೈವರ್ ಎರಡನ್ನೂ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದಿಟ್ಟುಕೊಳ್ಳಿ. ವೈಫೈ ಯಾಕೆಂದರೆ ಅದೂ ಹೋದರೆ ಉಳಿದ ಯಾವುದನ್ನೂ ಇಳಿಸಲಾಗುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವ ದಿನಗಳಲ್ಲಿ ಬ್ಯಾಟರಿ ಇಲ್ಲದ ಡೆಸ್ಕ್‌ಟಾಪಿನಲ್ಲಿ ದೊಡ್ಡ ಅಪ್‌ಡೇಟ್ ಶುರುಮಾಡಬೇಡಿ. ಅರ್ಧಕ್ಕೆ ನಿಂತರೆ ಧ್ವನಿಯಷ್ಟೇ ಹೋಗುವುದಿಲ್ಲ.

ಮೂರನೆಯದು ಮೋಸ. ಡ್ರೈವರ್ ಎಂದು ಹುಡುಕಿದರೆ ಮೊದಲು ಬರುವುದು ಎಷ್ಟೋ ಸಲ ಜಾಹೀರಾತು. ನಿಮ್ಮ ಯಂತ್ರದ ಡ್ರೈವರುಗಳೆಲ್ಲ ಹಳೆಯವು, ದುಡ್ಡು ಕಟ್ಟಿ ಎಂದು ಹೆದರಿಸುವ ತಂತ್ರಾಂಶಗಳು ಬೇಕಿಲ್ಲ. ಡ್ರೈವರಿಗೆ ಯಾವ ಲ್ಯಾಪ್‌ಟಾಪ್ ಕಂಪನಿಯೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಯಾರಾದರೂ ಫೋನ್ ಮಾಡಿ, ದೂರದಿಂದಲೇ ಸರಿಮಾಡಿಕೊಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ಅಪರಾಧದ ಸಹಾಯವಾಣಿ.

ನಿಮ್ಮಲ್ಲಿ ಎಷ್ಟೋ ಜನರ ಲ್ಯಾಪ್‌ಟಾಪ್ ಈ ಹೊತ್ತಿಗೂ ಚೆನ್ನಾಗಿಯೇ ಹಾಡುತ್ತಿರಬಹುದು. ಹಾಗಿದ್ದರೆ ಇವತ್ತೇ ಅದನ್ನು ಮಗುಚಿ, ಬೆನ್ನಿನ ಚೀಟಿಯಲ್ಲಿರುವ ಮಾಡೆಲ್ ನಂಬರ್ ಬರೆದಿಟ್ಟುಕೊಳ್ಳಿ. ಕೈ ತಾಗಿ ತಾಗಿ ಆ ಅಕ್ಷರಗಳು ಅಳಿಸಿಹೋಗುತ್ತವೆ. ಡಿವೈಸ್ ಮ್ಯಾನೇಜರ್‌ನಲ್ಲಿ ಈಗಿರುವ ಡ್ರೈವರಿನ ಆವೃತ್ತಿಯ ಫೋಟೊ ಒಂದನ್ನು ಮೊಬೈಲಿನಲ್ಲಿ ತೆಗೆದಿಡಿ. ಅಪ್‌ಡೇಟ್ ಗುಂಡಿ ಒತ್ತುವುದು ಅದಾದ ಮೇಲೆ.