ಗ್ರಂಥದ ಉಡುಗೆ-ತೊಡುಗೆ



ದೇವರ ಮೂರ್ತಿಗೆ ಒಡವೆ ಹಾಕುವುದು ನಮಗೆ ಗೊತ್ತು. ಯಹೂದಿಗಳಲ್ಲಿ ಮೂರ್ತಿಪೂಜೆ ಇಲ್ಲ. ಅವರು ಸಿಂಗರಿಸುವುದು ಗ್ರಂಥವನ್ನು. ಹದಮಾಡಿದ ಚರ್ಮದ ಸುರುಳಿಯ ಮೇಲೆ ಕೈಯಿಂದ ಬರೆದ ಆ ಗ್ರಂಥವೇ ತೋರಾ. ಯುರೋಪಿನ ಯಹೂದಿಗಳು ಅದಕ್ಕೆ ಮಖಮಲ್ಲಿನ ನಿಲುವಂಗಿ ತೊಡಿಸಿ, ಎದೆಯ ಮೇಲೆ ಬೆಳ್ಳಿಯ ಪದಕ ಇಳಿಬಿಡುತ್ತಾರೆ. ಬಾಗ್ದಾದ್, ಕೊಚ್ಚಿ ಕಡೆಯವರಲ್ಲಿ ಸುರುಳಿಯನ್ನು ಗಟ್ಟಿ ಕರಡಿಗೆಯೊಳಗೆ ನಿಲ್ಲಿಸಿಡುವ ರೂಢಿ. ನೆತ್ತಿಗೆ ಕಿರೀಟ, ಇಲ್ಲವೇ ಕಿರುಗೆಜ್ಜೆ ಕಟ್ಟಿದ ಜೋಡಿ ಬೆಳ್ಳಿಗುಬ್ಬ. ಆ ಗುಬ್ಬಗಳ ಹೆಸರು ‘ರಿಮೋನಿಮ್’, ಅಂದರೆ ದಾಳಿಂಬೆಗಳು. ಅಕ್ಷರಕ್ಕೆ ಬರಿಗೈ ತಾಗಬಾರದೆಂದು, ತುದಿಯಲ್ಲಿ ಪುಟ್ಟ ಕೈಬೆರಳಿರುವ ಕಡ್ಡಿಯಿಂದ ಸಾಲು ತೋರಿಸುತ್ತ ಓದುತ್ತಾರೆ.

ಓದುವ ಹೊತ್ತಿಗೆ ನಿಲುವಂಗಿ ಕಳಚಲೇಬೇಕು, ಕರಡಿಗೆ ತೆರೆಯಲೇಬೇಕು. ವಾರವಾರವೂ ಒಂದು ಭಾಗ ಓದಿ ವರ್ಷಕ್ಕೆ ಗ್ರಂಥ ಮುಗಿಸುತ್ತಾರೆ. ಮುಗಿದ ದಿನವೇ ಮತ್ತೆ ಮೊದಲಿಡುತ್ತಾರೆ.

ಹದಮಾಡಿದ ಚರ್ಮದ ಆ ಸುರುಳಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಖಾನಾಪುರ ತಾಲೂಕಿನ ಕಕ್ಕೇರಿಗೆ ಹೋಗುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣ ಹೊತ್ತಿ ಉರಿದಾಗ, ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ಈ ಸೀಮೆಯಲ್ಲೇ ಹಾದುಹೋದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಬೆನ್ನಟ್ಟಿದ ದಂಡನ್ನು ತಡೆದು ಇಲ್ಲಿ ಐಕ್ಯರಾದರೆಂದು ಜನ ನಂಬುವ ಡೋಹರ ಕಕ್ಕಯ್ಯನವರ ಕಾಯಕ ಯಾವುದು? ಚರ್ಮ ಹದಮಾಡುವುದು. ಅವರ ಸಮಾಧಿ ಆ ಊರಿನಲ್ಲಿದೆ.

ವಚನದ ಕಟ್ಟಿಗೆ ಬೆಳ್ಳಿಬಂಗಾರವಿರಲಿಲ್ಲ. ಕಂಟದಿಂದ ಕೊರೆದ ತಾಳೆಗರಿಗೆ ಮಸಿ ಸವರಿ, ತೂತಿನಲ್ಲಿ ದಾರ ಪೋಣಿಸಿ, ಮೇಲೂ ಕೆಳಗೂ ಮರದ ಹಲಗೆಯಿಟ್ಟು, ಬಟ್ಟೆಯಲ್ಲಿ ಸುತ್ತುತ್ತಿದ್ದರು. ಅಷ್ಟೇ ಅದರ ಉಡುಗೆ. ಕಾಲ ಸರಿದಂತೆ ಎಷ್ಟೋ ಮನೆಗಳಲ್ಲಿ ಆ ಕಟ್ಟು ದೇವರ ಜಗಲಿಯೇರಿತು. ವಿಭೂತಿ ಹಚ್ಚಿದರು, ಪತ್ರಿ ಏರಿಸಿದರು. ಗಂಟು ಮಾತ್ರ ಬಿಚ್ಚಲಿಲ್ಲ.

ಬಿಚ್ಚಿಸಿದವರು ಫ. ಗು. ಹಳಕಟ್ಟಿಯವರು. 1903ರಲ್ಲಿ ರಬಕವಿಯ ಮನೆಯೊಂದರಲ್ಲಿ ತಾಡೋಲೆ ಕಂಡ ವಿಜಾಪುರದ ಆ ವಕೀಲರು, ಮುಂದೆ ಊರೂರು ತಿರುಗಿ, ಜಗಲಿಯ ಕಟ್ಟುಗಳನ್ನು ಬೇಡಿ ತಂದು ಓದಿದರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ನಮ್ಮ ಬೆಳಗಾವಿಯಲ್ಲಿ, ಮಹಾವೀರ ಮುದ್ರಣಾಲಯದಲ್ಲಿ. ಜಗಲಿಯ ಮೇಲೆ ಮೌನವಾಗಿದ್ದ ಮಾತು ಮತ್ತೆ ಜನರ ಬಾಯಿಗೆ ಬಂತು.

ನಿಮ್ಮ ಮನೆಯ ಜಗಲಿಯ ಮೇಲೂ ಅಂಥದೊಂದು ಗಂಟು ಇದ್ದರೆ, ಹಳೆಯ ಲಿಪಿ ಬಲ್ಲವರನ್ನು ಕರೆದು ಓದಿಸಿ, ಕೇಳಿ. ಆಮೇಲೆ ಹೊಸ ಬಟ್ಟೆಯಲ್ಲಿ ಸುತ್ತಿಡಿ.